ನೋವಾ ಉಪಗ್ರಹಗಳು ಬಂದ್ ಆದವು, ಮೆಟಿಯೋರ್ ಚಿತ್ರ ಹರಿದು ಬರುತ್ತಿದೆ: ಯಾರಾದರೂ ದಾರಿ ಹೇಳಿ

ಮಾಳಿಗೆ_137 (ಬೆಳಗಾವಿ), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಆಗಸ್ಟ್ 19, 2025ರಿಂದ ನಮ್ಮ ಮಾಳಿಗೆ ಸುಮ್ಮನಾಗಿದೆ. ಅವತ್ತು ಅಮೆರಿಕದ ಹವಾಮಾನ ಉಪಗ್ರಹ ನೋವಾ-15 ಬಂದ್ ಆಯಿತು. ಅದಕ್ಕೆ ಆರು ದಿನ ಮೊದಲು ನೋವಾ-19 ಹೋಗಿತ್ತು. ಜೂನ್ 6ಕ್ಕೇ ನೋವಾ-18 ಹೋಗಿತ್ತು. ಮನೆಯಲ್ಲಿ ಕೂತು ಹವಾಮಾನದ ಚಿತ್ರ ಹಿಡಿಯೋದನ್ನು ನಾನು ಕಲಿತದ್ದೇ ಈ ಮೂರರಿಂದ. ನೋವಾ-15 ಹಾರಿದ್ದು 1998ರ ಮೇ ತಿಂಗಳಲ್ಲಿ. 27 ವರ್ಷ ದುಡಿಯಿತು.

ಆ ಸದ್ದು ಕೇಳಿದವರಿಗೆ ಗೊತ್ತು. ಉಪಗ್ರಹ ದಿಗಂತದಿಂದ ಮೇಲೆ ಬರುವಾಗ ಮೊದಲು ಬರೀ ಸೊಂಯ್ ಅನ್ನೋ ಗದ್ದಲ. ಆಮೇಲೆ ಅದರೊಳಗಿಂದ ನಿಧಾನವಾಗಿ ಟಕ್‌ಟಕ್, ಟಕ್‌ಟಕ್. ಸೆಕೆಂಡಿಗೆ ಎರಡು ಗೆರೆ. ಪರದೆ ಮೇಲೆ ಗೆರೆ ಮೇಲೆ ಗೆರೆ ಕೂತು, ಹತ್ತು ನಿಮಿಷದಲ್ಲಿ ಕರಾವಳಿ ಮೂಡುತ್ತಿತ್ತು. ನಮ್ಮ ಅವ್ವ ಕೂಡ ರೊಟ್ಟಿ ಬಡಿಯೋದು ಬಿಟ್ಟು ಬಂದು ನೋಡುತ್ತಿದ್ದಳು.

ಈಗ ವಿಷಯಕ್ಕೆ ಬರ್ತೀನಿ. ರಷ್ಯಾದ ಹವಾಮಾನ ಉಪಗ್ರಹಗಳಾದ ಮೆಟಿಯೋರ್-ಎಂ ಎನ್2-3 ಮತ್ತು ಎನ್2-4 ಇನ್ನೂ ಇವೆ. ಅವೂ 137 ಮೆಗಾಹರ್ಟ್ಸ್ ಪಟ್ಟಿಯಲ್ಲೇ ಕಳಿಸುತ್ತವೆ. ಹಾಗಾಗಿ ಆಂಟೆನಾ ಬದಲಿಸಬೇಕಿಲ್ಲ ಅಂದುಕೊಂಡೆ. ನನ್ನ ಹತ್ತಿರ ಇರೋದು ಇಷ್ಟು: ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ರಿಸೀವರ್), ಎರಡು ಅಲ್ಯುಮಿನಿಯಂ ಸರಳಿನ ವಿ-ಡೈಪೋಲ್ (ವಿ ಆಕಾರದ ಆಂಟೆನಾ), ಹತ್ತು ಮೀಟರ್ ಡಿಶ್ ಕೇಬಲ್, ಹಳೆ ಲ್ಯಾಪ್‌ಟಾಪ್, ಅದರಲ್ಲಿ ಸಿಗ್ನಲನ್ನು ಚಿತ್ರ ಮಾಡುವ ಸ್ಯಾಟ್‌ಡಂಪ್ ಸಾಫ್ಟ್‌ವೇರ್.

ತೊಂದರೆ ಏನೆಂದರೆ, ಎರಡು ವಾರದಿಂದ ಚಿತ್ರ ಹರಿದು ಬರುತ್ತಿದೆ. ಪಾಸ್ (ಉಪಗ್ರಹ ಒಮ್ಮೆ ನಮ್ಮ ಮೇಲೆ ಹಾದು ಹೋಗುವ ಹೊತ್ತು) ಹದಿಮೂರು ನಿಮಿಷ ಇದ್ದರೂ ನಡುವಿನ ನಾಲ್ಕು ನಿಮಿಷ ಮಾತ್ರ ಕೂಡುತ್ತದೆ. ಅದರಲ್ಲೂ ನಡುನಡುವೆ ಕಪ್ಪು ಪಟ್ಟಿ. ಇದೇ ಆಂಟೆನಾ, ಇದೇ ಜಾಗ. ನೋವಾ ಚಿತ್ರ ಮೂರು ವರ್ಷ ಚೆನ್ನಾಗಿಯೇ ಬಂತು. ಎಲ್ಲಿ ತಪ್ಪುತ್ತಿದೆ?

ಹಳೆ_ಹ್ಯಾಮ್ (ಬೆಳಗಾವಿ ಕ್ಯಾಂಪ್), ಭಾನುವಾರ ರಾತ್ರಿ

ತಮ್ಮಾ, ನಿನ್ನ ಬೇಸರ ಅರ್ಥವಾಗುತ್ತದೆ. ನೋವಾ ಚಿತ್ರ ಕಳಿಸುತ್ತಿದ್ದ ಎಪಿಟಿ ಅನ್ನೋ ಆ ಪದ್ಧತಿಯನ್ನು ಮೊದಲು ಪರೀಕ್ಷಿಸಿದ್ದು ಟೈರೋಸ್-8ರಲ್ಲಿ, 1963ರ ಡಿಸೆಂಬರ್‌ನಲ್ಲಿ. ಅರವತ್ತು ವರ್ಷದ ಮೇಲೆ ಬಾಳಿತು. 2004ರ ಸುಮಾರಿಗೆ ನಾನು ಸ್ಕ್ಯಾನರ್‌ನ ಇಯರ್‌ಫೋನ್ ತೂತಿನಿಂದ ವೈರ್ ಎಳೆದು ಕಂಪ್ಯೂಟರಿನ ಸೌಂಡ್ ಕಾರ್ಡ್‌ಗೆ ಕೊಟ್ಟು ಚಿತ್ರ ತೆಗೆಯುತ್ತಿದ್ದೆ. ಮೊದಲ ಚಿತ್ರದಲ್ಲಿ ಶ್ರೀಲಂಕಾ ಕಂಡಾಗ ಮಧ್ಯರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಮಾತಲ್ಲೇ ಇದೆ. ನೋವಾ ಚಿತ್ರ ಅನಲಾಗ್. ಗದ್ದಲ ಜಾಸ್ತಿಯಾದರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ ಬೀಳುತ್ತಿತ್ತು. ಅಷ್ಟೇ. ಕಣ್ಣು ಅದನ್ನು ಸಹಿಸಿಕೊಳ್ಳುತ್ತಿತ್ತು. ಮೆಟಿಯೋರ್‌ನದು ಎಲ್‌ಆರ್‌ಪಿಟಿ, ಅಂದರೆ ಡಿಜಿಟಲ್. ಸೆಕೆಂಡಿಗೆ 72,000 ಸಿಂಬಲ್, ಅಂದರೆ ಸಂಕೇತದ ತುಣುಕು. ಅದರಲ್ಲಿ ಚೂರುಪಾರು ತಪ್ಪಿದರೆ ಸಾಫ್ಟ್‌ವೇರ್ ತಿದ್ದಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟರೆ ಆ ತುಂಡನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ಮಸುಕು ಚಿತ್ರ ಅಂತ ಇಲ್ಲ, ಇದ್ದರೆ ಪೂರ್ತಿ ಇದೆ, ಇಲ್ಲವಾದರೆ ಕಪ್ಪು ಪಟ್ಟಿ.

ನಿನ್ನ ಮಾಳಿಗೆಯಲ್ಲಿ ಗದ್ದಲ ಮೂರು ವರ್ಷದಿಂದ ಇದ್ದೇ ಇತ್ತು. ನೋವಾ ಅದನ್ನು ಮುಚ್ಚಿಟ್ಟಿತ್ತು. ಆಂಟೆನಾ ಮುಟ್ಟಬೇಡ. ಮೊದಲು ಗದ್ದಲ ಎಲ್ಲಿಂದ ಬರುತ್ತಿದೆ ಅಂತ ಹುಡುಕು.

ಖಾನಾಪುರ_ಹುಡುಗಿ, ಸೋಮವಾರ ಬೆಳಗ್ಗೆ

ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಇನ್ನೂ ಒಂದೂ ಚಿತ್ರ ಹಿಡಿದಿಲ್ಲ. ಸರಳಿನ ಉದ್ದ 53.4 ಸೆಂಟಿಮೀಟರ್ ಅಂತ ಎಲ್ಲ ಕಡೆ ಇದೆ. ಯಾಕೆ ಅಂತ ಯಾರೂ ಬಿಡಿಸಿ ಹೇಳಿಲ್ಲ. ಒಂದು ಸೆಂಟಿಮೀಟರ್ ಆಚೀಚೆ ಆದರೆ ಕೆಡುತ್ತದಾ? ಮತ್ತೆ ಎರಡು ಸರಳಿನ ನಡುವೆ 120 ಡಿಗ್ರಿ ಯಾಕೆ?

ನವನಗರ_ಟೀಚರ್ (ಬಾಗಲಕೋಟೆ), ಸೋಮವಾರ ಮಧ್ಯಾಹ್ನ

ಇದನ್ನು ನಾನು ಹೈಸ್ಕೂಲ್ ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿಸಿದ್ದೇನೆ, ಹಾಗಾಗಿ ನಾನೇ ಹೇಳ್ತೀನಿ.

300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 300 ಭಾಗಿಸು 137.5, ಅಂದರೆ 2.18 ಮೀಟರ್. ಅದರ ಕಾಲು ಭಾಗ 54.5 ಸೆಂಟಿಮೀಟರ್. ನಿಜವಾದ ಸರಳಿಗೆ ದಪ್ಪ ಇರುತ್ತದೆ, ತುದಿ ಇರುತ್ತದೆ. ಅದರಿಂದ ಸರಳು ಅಳತೆಗಿಂತ ಸ್ವಲ್ಪ ಉದ್ದವಿದ್ದ ಹಾಗೆ ನಡೆದುಕೊಳ್ಳುತ್ತದೆ. ಅದಕ್ಕೇ ಒಂದು ಸೆಂಟಿಮೀಟರ್ ಚಿಲ್ಲರೆ ಕತ್ತರಿಸುವುದು. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಏನೂ ಆಗಲ್ಲಮ್ಮ, ಬರೀ ಕೇಳೋದಕ್ಕೆ ತಾನೆ.

ಎರಡು ಸರಳನ್ನು ನೇರ ಗೆರೆಯಲ್ಲಿ ಇಟ್ಟರೆ ಕೇಬಲ್ ಕಡೆಗೆ ಕಾಣುವ ತಡೆ ಸುಮಾರು 73 ಓಮ್. ಬಾಗಿಸಿದಷ್ಟೂ ಅದು ಇಳಿಯುತ್ತದೆ. 120 ಡಿಗ್ರಿಗೆ ಬಂದಾಗ 50ರ ಹತ್ತಿರ ನಿಲ್ಲುತ್ತದೆ, ಡಾಂಗಲ್ ಕೂಡ 50 ಓಮ್‌ನದು. ಡಿಶ್ ಕೇಬಲ್ 75 ಓಮ್‌ನದಾದರೂ ಹತ್ತು ಮೀಟರ್‌ಗೆ ನಷ್ಟ ತೀರಾ ಕಡಿಮೆ, ಚಿಂತೆ ಬೇಡ.

ಸರಳನ್ನು ನೆಲಕ್ಕೆ ಸಮಾನಾಂತರವಾಗಿ ಮಲಗಿಸಬೇಕು. 'ವಿ'ಯ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕು, ಯಾಕೆಂದರೆ ಈ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಓಡುತ್ತವೆ. ಮಲಗಿಸಿದರೆ ಇನ್ನೊಂದು ಲಾಭ: ನೆಲದ ಮೇಲಿನ ಬಹಳಷ್ಟು ವೈರ್‌ಲೆಸ್ ಸಿಗ್ನಲ್‌ಗಳು ನಿಂತ ಆಂಟೆನಾದಿಂದ ಬರುತ್ತವೆ. ಮಲಗಿದ ಆಂಟೆನಾ ಅವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಉಪಗ್ರಹದ ಸಿಗ್ನಲ್ ತಿರುಗುತ್ತಾ ಬರುತ್ತದೆ. ಅದರಲ್ಲಿ ಅರ್ಧದಷ್ಟು ಶಕ್ತಿ ನಮಗೆ ಸಿಗುತ್ತದೆ. ಅಷ್ಟು ಸಾಕು.

ಸರಳು ಸಿಗದಿದ್ದರೆ ಮನೆ ವೈರಿಂಗ್‌ನ ದಪ್ಪ ತಾಮ್ರದ ತಂತಿ ಸಾಕು. ಪಿವಿಸಿ ಪೈಪಿನ ಮೇಲೆ ಕನೆಕ್ಟರ್ ಸ್ಟ್ರಿಪ್ ಕೂಡಿಸಿ ಸ್ಕ್ರೂ ಬಿಗಿ ಮಾಡಿ. ನಮ್ಮ ಮಕ್ಕಳು ಮಾಡಿದ್ದು ಹಾಗೆಯೇ.

ದ್ರಾಕ್ಷಿ_ತೋಟ (ತಿಕೋಟಾ), ಸೋಮವಾರ ರಾತ್ರಿ

ಅಣ್ಣಾರೇ, ನಾನು ರೇಡಿಯೊದವನಲ್ಲ, ಒಕ್ಕಲಿಗ. ನಮ್ಮ ತಂಗಿ ಮಗ ಈ ಚರ್ಚೆ ತೋರಿಸಿದ. ನಮ್ಮದು ಆರು ಎಕರೆ ದ್ರಾಕ್ಷಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಹತ್ತಿರ ಬಂತು. ಚಾಟ್ನಿ ಮಾಡಿ ಚಿಗುರು ಒಡೆಯುವಾಗ ನಾಲ್ಕು ದಿನ ಮೋಡ ಮುಸುಕಿ ಮಳೆ ಹಿಡಿಯಿತೆಂದರೆ ಡೌನಿ ರೋಗ ಬೀಳುತ್ತದೆ. ಹೊಡೆದ ಔಷಧ ಮಳೆಗೆ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು. ಮಾರ್ಚ್‌ನಲ್ಲಿ ಮಣುಕ ಶೆಡ್‌ನಲ್ಲಿ ಹಣ್ಣು ಒಣಗಿಸುವಾಗಲೂ ಇದೇ ಭಯ. ಒಂದು ಅಡ್ಡಮಳೆ ಬಂದರೆ ವರ್ಷದ ದುಡಿಮೆ ಕರ್ರಗಾಗುತ್ತದೆ.

ನೇರ ಕೇಳ್ತೀನಿ. ಈ ಯಂತ್ರ ಇಟ್ಟುಕೊಂಡರೆ ನಾಳೆ ಮಳೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದಾ?

ಮಾಳಿಗೆ_137 (ಬೆಳಗಾವಿ), ಸೋಮವಾರ ರಾತ್ರಿ

ಕಾಕಾ, ನಿಮಗೆ ಸುಳ್ಳು ಆಸೆ ಕೊಡುವುದಿಲ್ಲ. ಇದರಿಂದ ನಾಳೆಯ ಮಳೆ ಗೊತ್ತಾಗುವುದಿಲ್ಲ. ಉಪಗ್ರಹ ಆ ಗಳಿಗೆಯಲ್ಲಿ ಏನು ಕಂಡಿತೋ ಅದನ್ನಷ್ಟೇ ಕಳಿಸುತ್ತದೆ. ಅದು 800 ಕಿಲೋಮೀಟರ್‌ಗಿಂತ ಸ್ವಲ್ಪ ಮೇಲೆ ಓಡುತ್ತದೆ, ಭೂಮಿಗೆ ಒಂದು ಸುತ್ತು ಹಾಕಲು ಸುಮಾರು 101 ನಿಮಿಷ. ನಮ್ಮ ತಲೆ ಮೇಲೆ ಚೆನ್ನಾಗಿ ಸಿಗುವುದು ದಿನಕ್ಕೆ ಕೆಲವೇ ಸಲ. ನಡುವೆ ಎಷ್ಟೋ ತಾಸು ಖಾಲಿ. ಆ ಖಾಲಿಯಲ್ಲೇ ಮೋಡ ಕಟ್ಟಿ ಸುರಿದು ಹೋಗಿರುತ್ತದೆ.

ಔಷಧ ಹೊಡೆಯುವ ತೀರ್ಮಾನಕ್ಕೆ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ ಮತ್ತು ಇನ್ಸಾಟ್ ಚಿತ್ರಗಳನ್ನೇ ನೋಡಿ. ಇನ್ಸಾಟ್-3ಡಿಆರ್ 2016ರ ಸೆಪ್ಟೆಂಬರ್‌ನಲ್ಲಿ ಹಾರಿದ್ದು. ಅದು 74 ಡಿಗ್ರಿ ಪೂರ್ವದಲ್ಲಿ ಕೂತಿದೆ. ಬೆಳಗಾವಿ ಇರುವುದು 74.5ರಲ್ಲಿ. ಅಂದರೆ ಹೆಚ್ಚುಕಡಿಮೆ ನಮ್ಮದೇ ರೇಖೆಯ ಮೇಲೆ ನಿಂತು ಹಗಲುರಾತ್ರಿ ನೋಡುತ್ತಿದೆ. 2024ರ ಫೆಬ್ರವರಿಯಲ್ಲಿ 3ಡಿಎಸ್ ಕೂಡ ಸೇರಿತು. ಆ ಚಿತ್ರಗಳು ಮೊಬೈಲ್‌ನಲ್ಲೇ ಪುಕ್ಕಟೆ ಸಿಗುತ್ತವೆ. ನಾಲ್ಕೈದು ಚಿತ್ರ ಸಾಲಾಗಿ ನೋಡಿದರೆ ಮೋಡ ಯಾವ ಕಡೆ ಸರಿಯುತ್ತಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಹಾಗಾದರೆ ಇದು ಯಾತಕ್ಕೆ ಅಂತ ಕೇಳಬಹುದು. ಮೆಟಿಯೋರ್ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ಸುಮಾರು ಒಂದು ಕಿಲೋಮೀಟರ್ ನೆಲ. ನೋವಾದ ಹಳೆ ಚಿತ್ರದಲ್ಲಿ ಅದು ನಾಲ್ಕು ಕಿಲೋಮೀಟರ್ ಇತ್ತು. ಇದರಲ್ಲಿ ನಿಮ್ಮ ಭಾಗದ ಮೋಡದ ತುಂಡುಗಳು ಬೇರೆಬೇರೆಯಾಗಿ ಕಾಣುತ್ತವೆ. ದಿನಾ ನೋಡುತ್ತಾ ಹೋದರೆ ಯಾವುದು ತೆಳು ಮೋಡ, ಯಾವುದು ಗುಡುಗಿನ ಮೋಡ ಅಂತ ಕಣ್ಣು ಪಳಗುತ್ತದೆ. ಆ ಪಳಗಿದ ಕಣ್ಣಿನಿಂದ ಇನ್ಸಾಟ್ ಚಿತ್ರ ನೋಡಿದರೆ ಅದರಲ್ಲೂ ಜಾಸ್ತಿ ಕಾಣುತ್ತದೆ. ನನಗೆ ಆಗಿರುವ ಲಾಭ ಇದು.

ಸುಮ್ನೆ_ಕೇಳ್ದೆ (ವಿಜಯಪುರ), ಮಂಗಳವಾರ ಬೆಳಗ್ಗೆ

ನೀವೇ ಹೇಳಿದಿರಿ, ಮೊಬೈಲ್‌ನಲ್ಲಿ ಎಲ್ಲ ಸಿಗುತ್ತೆ ಅಂತ. ಮತ್ತೆ ಬಿಸಿಲಲ್ಲಿ ಸರಳು ಹಿಡಿದು ಮಾಳಿಗೆ ಹತ್ತೋದು ಯಾಕೆ? ಬೇಜಾರು ಮಾಡ್ಕೋಬೇಡಿ, ತಿಳಿದುಕೊಳ್ಳೋಕೆ ಕೇಳಿದೆ.

ಘಟಪ್ರಭಾ_ದಂಡೆ (ಮುಧೋಳ), ಮಂಗಳವಾರ ಸಂಜೆ

ನಾನು ಉತ್ತರ ಕೊಡ್ತೀನಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಏರಿದ್ದು ನೆನಪಿದೆಯಲ್ಲ. ನಮ್ಮ ಓಣಿಯಲ್ಲಿ ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಊರಿನ ತುಂಬ ಗಾಳಿಮಾತು. ಇನ್ನೂ ದೊಡ್ಡ ಮಳೆ ಬರುತ್ತಿದೆ ಅಂತ ಒಬ್ಬ, ಆ ಡ್ಯಾಮ್ ಒಡೆಯಿತು ಅಂತ ಇನ್ನೊಬ್ಬ. ಆಗ ನನ್ನ ಹತ್ತಿರ ಒಂದು ಡಾಂಗಲ್ ಇತ್ತು, ಬ್ಯಾಟರಿ ಅರ್ಧ ಇದ್ದ ಲ್ಯಾಪ್‌ಟಾಪ್ ಇತ್ತು. ಎರಡು ಪಾಸ್ ಹಿಡಿದೆ. ಅರಬ್ಬಿ ಸಮುದ್ರದಿಂದ ಘಟ್ಟದವರೆಗೆ ಬಿಳಿ ಮೋಡ ಹಾಸಿದ ಹಾಗಿತ್ತು. ಅದನ್ನು ನೋಡಿ ನೀರು ಇಷ್ಟು ಬೇಗ ಇಳಿಯುವುದಿಲ್ಲ ಅಂದುಕೊಂಡು ದನಗಳನ್ನು ಬೀಗರ ಊರಿನಲ್ಲೇ ಬಿಟ್ಟೆವು.

ಚಿತ್ರದಿಂದ ನೀರು ನಿಲ್ಲಲಿಲ್ಲ. ಆದರೆ ಆ ಹೊತ್ತಿನಲ್ಲಿ ನಮ್ಮ ಕೈಗೆ ಸಿಕ್ಕ ನಿಜವಾದ ಸುದ್ದಿ ಅದೊಂದೇ. ಅದಕ್ಕೆ ಇಂಟರ್ನೆಟ್ ಬೇಕಾಗಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕಕ್ಷೆಯ ಅಂಕಿಗಳನ್ನು ಮಾತ್ರ ವಾರಕ್ಕೊಮ್ಮೆ ಇಳಿಸಿಟ್ಟುಕೊಂಡಿರಬೇಕು. ಆಗ ನೆಟ್ ಹೋದರೂ ಉಪಗ್ರಹ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಲೆಕ್ಕ ಸಿಗುತ್ತದೆ.

ಸುಮ್ನೆ_ಕೇಳ್ದೆ (ವಿಜಯಪುರ), ಮಂಗಳವಾರ ರಾತ್ರಿ

ಗೊತ್ತಾಯ್ತು ರೀ. ಕೇಳಿದ್ದು ಒಳ್ಳೆಯದಾಯ್ತು.

ಮಾಳಿಗೆ_137 (ಬೆಳಗಾವಿ), ಬುಧವಾರ ರಾತ್ರಿ

ಹಳೆ_ಹ್ಯಾಮ್ ಸರ್, ನೀವು ಹೇಳಿದಂತೆ ಇವತ್ತು ಗದ್ದಲ ಹುಡುಕಿದೆ. ಹೇಗೆ ಅಂತ ಪೂರ್ತಿ ಬರೀತೀನಿ, ಇನ್ನೊಬ್ಬರಿಗೆ ಉಪಯೋಗ ಆಗಬಹುದು.

ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿದೆ, ಚಾರ್ಜರ್ ಕಿತ್ತೆ. 137.5ಕ್ಕೆ ಟ್ಯೂನ್ ಮಾಡಿ, ಗೇನ್ (ಡಾಂಗಲ್ ಸಿಗ್ನಲನ್ನು ಎಷ್ಟು ಹಿಗ್ಗಿಸುತ್ತದೆ ಅನ್ನೋದು) ಒಂದೇ ಕಡೆ ನಿಲ್ಲಿಸಿ, ಯಾವ ಉಪಗ್ರಹವೂ ಇಲ್ಲದ ಹೊತ್ತಿನಲ್ಲಿ ಪರದೆ ನೋಡುತ್ತಾ ಕೂತೆ. ಕೆಳಗೆ ಗದ್ದಲದ ಗೆರೆ ಇರುತ್ತದಲ್ಲ, ಅದು ನನ್ನಲ್ಲಿ ಉಸಿರಾಡುವ ಹಾಗೆ ಮೇಲೆ ಕೆಳಗೆ ಆಗುತ್ತಿತ್ತು. ತಮ್ಮನನ್ನು ಕೆಳಗೆ ಮೀಟರ್ ಬೋರ್ಡ್ ಹತ್ತಿರ ನಿಲ್ಲಿಸಿದೆ. ಅವನು ಒಂದೊಂದೇ ಎಂಸಿಬಿ ಇಳಿಸಿದ. ನಾನು ಮೇಲಿಂದ "ಇಲ್ಲ, ಇಲ್ಲ" ಅಂತ ಕೂಗುತ್ತಿದ್ದೆ. ಫ್ರಿಜ್ ಲೈನ್, ಏನೂ ಇಲ್ಲ. ಅಡುಗೆಮನೆ, ಇಲ್ಲ. ಹಾಲ್‌ನ ಎಲ್‌ಇಡಿ ಬಲ್ಬ್‌ಗಳು ಹೋದಾಗ ಗೆರೆ ಒಂದಿಷ್ಟು ಇಳಿಯಿತು. ನಾಲ್ಕನೆಯದು ಮೆಟ್ಟಿಲಿನ ಲೈನ್. ಅದು ಇಳಿಸಿದ ತಕ್ಷಣ ಗೆರೆ ಧಪ್ಪನೆ ಬಿತ್ತು. ಪರದೆಯಲ್ಲಿ ಓರೆಯಾಗಿ ಓಡಾಡುತ್ತಿದ್ದ ಗೀಟುಗಳೆಲ್ಲ ಒಮ್ಮೆಲೇ ಮಾಯ.

ಮೆಟ್ಟಿಲಿನ ಲೈನ್‌ನಲ್ಲಿ ಏನಿದೆ ಅಂತ ಹುಡುಕಿದರೆ ಸಿಸಿ ಕ್ಯಾಮೆರಾದ ಅಡಾಪ್ಟರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೂರು ವರ್ಷದ ಹಿಂದೆ ಕ್ಯಾಮೆರಾ ಹಾಕಿದವರು ಅದನ್ನು ಮಾಳಿಗೆಯ ಬಾಗಿಲ ಮೇಲೆ ಕೂರಿಸಿದ್ದರು. ನನ್ನ ಆಂಟೆನಾದಿಂದ ಒಂದೂವರೆ ಮೀಟರ್ ದೂರ! ಕೈಯಲ್ಲಿ ಹಿಡಿದು ನೋಡಿದೆ, ಬಿಸಿಯಾಗಿತ್ತು, ಕಿವಿಗೆ ಹಿಡಿದರೆ ಸಣ್ಣಗೆ ಕಿರ್ರ್ ಅನ್ನುತ್ತಿತ್ತು. ಇಂಥ ಅಡಾಪ್ಟರ್ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತಾರೆ. ಒಳಗಿನ ಫಿಲ್ಟರ್ ಸರಿಯಿಲ್ಲದಿದ್ದರೆ ಆ ಕಡಿತದ ಗದ್ದಲ ವೈರ್ ಹಿಡಿದು ಹೊರಗೆ ಬಂದು ರೇಡಿಯೊ ಪಟ್ಟಿಯನ್ನೆಲ್ಲ ತುಂಬಿಬಿಡುತ್ತದೆ.

ಈಗ ಕ್ಯಾಮೆರಾಗೆ ಬೇರೆ ಒಳ್ಳೆ ಅಡಾಪ್ಟರ್ ತಂದು ಕೆಳಗಿನ ಮನೆಯಲ್ಲಿ ಇಟ್ಟಿದ್ದೇನೆ. ಆಂಟೆನಾವನ್ನು ಮಾಳಿಗೆಯ ಇನ್ನೊಂದು ಮೂಲೆಗೆ, ಬಟ್ಟೆ ಒಣಹಾಕುವ ತಂತಿಯಿಂದಲೂ ದೂರ ಸರಿಸಿದೆ. ನಾಳೆ ಪಾಸ್ ನೋಡಬೇಕು.

ಹಳೆ_ಹ್ಯಾಮ್ (ಬೆಳಗಾವಿ ಕ್ಯಾಂಪ್), ಬುಧವಾರ ರಾತ್ರಿ

ಭೇಷ್. ಇನ್ನೊಂದು ಮಾತು. ಬೆಳಗಾವಿಯಲ್ಲಿ ನಮಗೆ ಎರಡು ಕಡೆಯಿಂದ ಒತ್ತಡ. ಸಾಂಬ್ರಾ ವಿಮಾನ ನಿಲ್ದಾಣದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ಒಳಗೆ, ಅಂದರೆ ನಮ್ಮ ಬೇಲಿಗೆ ತಾಗಿದ ಹೊಲ. ಅದರ ಕೆಳಗೆ 88ರಿಂದ 108 ಎಫ್‌ಎಂ. ಹತ್ತಿರದ ಎಫ್‌ಎಂ ಸಿಗ್ನಲ್ ಜೋರಾಗಿದ್ದರೆ ಡಾಂಗಲ್ ಕಿವಿ ಮುಚ್ಚಿಹೋಗುತ್ತದೆ. ಆಗ ಗೇನ್ ಏರಿಸಿದಷ್ಟೂ ಚಿತ್ರ ಕೆಡುತ್ತದೆ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಗೇನ್ ಸ್ವಲ್ಪ ಇಳಿಸಿ ನೋಡು. ಆಗಲೂ ಆಗದಿದ್ದರೆ ಎಫ್‌ಎಂ ತಡೆಯುವ ಫಿಲ್ಟರ್ ಹಾಕು. ಆಂಪ್ಲಿಫೈಯರ್ ಹಾಕುವುದಾದರೆ ಫಿಲ್ಟರ್ ಮೊದಲು, ಮತ್ತು ಎರಡೂ ಆಂಟೆನಾದ ಬುಡದಲ್ಲಿ ಇರಲಿ. ಕೇಬಲಿನ ಈ ಕಡೆ ಹಾಕಿದರೆ ಕೇಬಲ್‌ನಲ್ಲಿ ಸೇರಿದ ಗದ್ದಲವನ್ನೂ ಅದು ದೊಡ್ಡದು ಮಾಡುತ್ತದೆ.

ಖಾನಾಪುರ_ಹುಡುಗಿ, ಗುರುವಾರ ಬೆಳಗ್ಗೆ

ಕಾಕಾ, ನನಗೆ ಲ್ಯಾಪ್‌ಟಾಪ್ ಇಲ್ಲ. ಫೋನ್‌ನಲ್ಲಿ ಆಗುತ್ತದಾ? ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇಲ್ಲದೆ ಮಾಡಬಹುದಾ ಅಂತ ಅಪ್ಪ ಕೇಳುತ್ತಿದ್ದಾರೆ. ಇನ್ನೊಂದು, ನಾನು ಆನ್‌ಲೈನ್‌ನಲ್ಲಿ ತರಿಸಿದ ಡಾಂಗಲ್ ಮೇಲೆ ಹೆಸರು ಮಾತ್ರ ಇದೆ, ಒಳಗೆ ಬೇರೆಯೇ ಚಿಪ್ ಇತ್ತು. ಹತ್ತು ನಿಮಿಷಕ್ಕೆ ಸುಡುವಷ್ಟು ಬಿಸಿಯಾಗಿ ಅಲ್ಲಿಗೇ ನಿಲ್ಲುತ್ತದೆ. ವಾಪಸ್ ಕಳಿಸಿದೆ.

ಹಳೆ_ಹ್ಯಾಮ್ (ಬೆಳಗಾವಿ ಕ್ಯಾಂಪ್), ಗುರುವಾರ ಬೆಳಗ್ಗೆ

ಆಗುತ್ತದೆ ಮಗಳೇ. ಸ್ಯಾಟ್‌ಡಂಪ್ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಡಾಂಗಲನ್ನು ಫೋನಿಗೆ ಸಿಕ್ಕಿಸಲು ಒಂದು ಓಟಿಜಿ ಕೇಬಲ್ ಬೇಕು. ಉಪಗ್ರಹ ಯಾವಾಗ ಎಲ್ಲಿ ಏಳುತ್ತದೆ ಅಂತ ನೋಡಲು ಲುಕ್4ಸ್ಯಾಟ್ ಹಾಕಿಕೋ. ಡಾಂಗಲ್ ಕೊಳ್ಳುವಾಗ ಆರ್‌ಟಿಎಲ್2832ಯು ಚಿಪ್, ಲೋಹದ ಕವಚ ಇದೆಯಾ ನೋಡು. ಲೋಹದ ಕವಚ ಬಿಸಿಯನ್ನೂ ಹೊರಹಾಕುತ್ತದೆ, ಗದ್ದಲವನ್ನೂ ತಡೆಯುತ್ತದೆ.

ಅಪ್ಪನಿಗೆ ಹೇಳು: ಹ್ಯಾಮ್ ಲೈಸೆನ್ಸ್ ಬೇಕಾಗುವುದು ನಾವು ಪ್ರಸಾರ ಮಾಡೋದಕ್ಕೆ. ಇಲ್ಲಿ ನಾವು ಏನನ್ನೂ ಕಳಿಸುತ್ತಿಲ್ಲ. ಆದರೆ ನೀನು ಪರೀಕ್ಷೆ ಬರೆದೇ ಬರೆಯಬೇಕು ಅಂತ ನನ್ನ ಆಸೆ. ಪಾಸಾದರೆ ವಿಯು ಅಂತ ಶುರುವಾಗುವ ಕರೆ ಹೆಸರು ಸಿಗುತ್ತದೆ. ಓದಲು ಏನು ಬೇಕಾದರೂ ಕೇಳು, ಕೂತು ಹೇಳಿಕೊಡ್ತೀನಿ.

ಮಾಳಿಗೆ_137 (ಬೆಳಗಾವಿ), ಗುರುವಾರ ರಾತ್ರಿ

ಬಂತು! ಪೂರ್ತಿ ಬಂತು!

ಎನ್2-4ರ ಹಗಲಿನ ಪಾಸ್, 137.9 ಮೆಗಾಹರ್ಟ್ಸ್, ದಿಗಂತದಿಂದ ಎತ್ತರ 70 ಡಿಗ್ರಿ ದಾಟಿತ್ತು. ಗೇನ್ ಎರಡು ಮೆಟ್ಟಿಲು ಇಳಿಸಿದ್ದೆ. ಮೊದಲು ಪರದೆ ಮೇಲೆ ಸುಮಾರು 120 ಕಿಲೋಹರ್ಟ್ಸ್ ಅಗಲದ ದಿಬ್ಬ ಎದ್ದಿತು. ನೋವಾದ ಹಾಗೆ ಇದಕ್ಕೆ ಟಕ್‌ಟಕ್ ಇಲ್ಲ, ಕಿವಿಗೆ ಬರೀ ಸೊಂಯ್. ನೋಡಬೇಕಾದ್ದು ಚುಕ್ಕಿಗಳನ್ನು. ಸ್ಯಾಟ್‌ಡಂಪ್‌ನ ಸಣ್ಣ ಚೌಕದಲ್ಲಿ ಮೊದಲು ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು ಹರಡಿರುತ್ತವೆ. ಸಿಗ್ನಲ್ ಏರಿದಂತೆ ಅವು ನಾಲ್ಕು ಮೂಲೆಗೆ ಸರಿದು ಗುಂಪು ಕಟ್ಟುತ್ತವೆ, ಬಾಗಿಲ ಮುಂದೆ ರಂಗೋಲಿಗೆ ನಾಲ್ಕು ಚುಕ್ಕಿ ಇಟ್ಟ ಹಾಗೆ. ಅವು ಕೂಡಿದ ಮೇಲೆ ಹನ್ನೊಂದು ನಿಮಿಷ ಒಂದು ಸಲವೂ ಚದುರಲಿಲ್ಲ.

ಚಿತ್ರದಲ್ಲಿ ಮೇಲೆ ಹಿಮಾಲಯದ ಹಿಮ, ಕೆಳಗೆ ಮಾಲ್ಡೀವ್ಸ್ ಆಚೆಯ ಸಮುದ್ರ. ನಮ್ಮ ಭಾಗವನ್ನು ದೊಡ್ಡದು ಮಾಡಿ ನೋಡಿದೆ. ಖಾನಾಪುರದ ಘಟ್ಟದ ಮೇಲೆ ಮೋಡ ಹತ್ತಿ ರಾಶಿ ಹಾಕಿದ ಹಾಗೆ. ಬೆಳಗಾವಿ ಅದರ ಅಂಚಿನಲ್ಲಿ. ಅಲ್ಲಿಂದ ಪೂರ್ವಕ್ಕೆ ಮೋಡ ತೆಳುವಾಗುತ್ತಾ, ವಿಜಯಪುರದ ಹತ್ತಿರ ಬರೀ ಬಿಡಿ ಚೂರುಗಳು. ಮಳೆ ನೆರಳಿನ ಸೀಮೆ ಅಂತ ಶಾಲೆಯಲ್ಲಿ ಓದಿದ್ದೆ. ಇವತ್ತು ನನ್ನ ಸರಳಿನಿಂದ ಇಳಿದ ಚಿತ್ರದಲ್ಲಿ ಅದರ ಗಡಿ ಬೆರಳಿಟ್ಟು ತೋರಿಸುವ ಹಾಗೆ ಕಂಡಿತು.

ಎರಡನೇ ಚಾನೆಲ್ ಮಾತ್ರ ತೆಗೆದು ನೋಡಿದರೆ ಇನ್ನೂ ಚೆಂದ. ಅದು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು. ಅದರಲ್ಲಿ ಹಸಿರು ಬೆಳೆ ಬೆಳ್ಳಗೆ, ನೀರು ಕಪ್ಪಗೆ ಕಾಣುತ್ತದೆ. ಆಲಮಟ್ಟಿಯ ಹಿನ್ನೀರು ಕರಿ ಶಾಯಿ ಚೆಲ್ಲಿ ಬಾಗಲಕೋಟೆ ಕಡೆ ಹರಿದ ಹಾಗೆ ಇತ್ತು. ನವನಗರ_ಟೀಚರ್, ನಿಮ್ಮ ಹಳೆ ಊರಿನ ನೀರು ಅದರಲ್ಲಿ ಸ್ಪಷ್ಟವಾಗಿದೆ. ಮಕ್ಕಳಿಗೆ ತೋರಿಸಲು ದೊಡ್ಡ ಫೈಲ್ ಕಳಿಸ್ತೀನಿ.

ನವನಗರ_ಟೀಚರ್ (ಬಾಗಲಕೋಟೆ), ಗುರುವಾರ ರಾತ್ರಿ

ಖಂಡಿತ ಕಳಿಸಿ. ನಮ್ಮ ತವರುಮನೆ ಓಣಿ ಆ ನೀರಿನಡಿಯಲ್ಲೇ ಇದೆ. ನಮ್ಮ ತಂದೆಗೂ ತೋರಿಸಬೇಕು.

ಮಕ್ಕಳಿಗೆ ಇನ್ನೊಂದು ಲೆಕ್ಕವೂ ಸಿಕ್ಕಿತು. ಬರುವಾಗ ಸಿಗ್ನಲ್ ಸುಮಾರು 3 ಕಿಲೋಹರ್ಟ್ಸ್ ಮೇಲಿರುತ್ತದೆ, ಹೋಗುವಾಗ ಅಷ್ಟೇ ಕೆಳಗೆ. ರೈಲಿನ ಸೀಟಿಯ ಉದಾಹರಣೆ ಎಷ್ಟು ವರ್ಷ ಹೇಳಿದರೂ ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ. ಪರದೆಯಲ್ಲಿ ಆ ದಿಬ್ಬ ಓರೆಯಾಗಿ ಜಾರುವುದನ್ನು ಕಣ್ಣಾರೆ ನೋಡಿದರೆ ಡಾಪ್ಲರ್ ತಾನಾಗಿ ಅರ್ಥವಾಗುತ್ತದೆ.

ಘಟಪ್ರಭಾ_ದಂಡೆ (ಮುಧೋಳ), ಶುಕ್ರವಾರ ಬೆಳಗ್ಗೆ

ಅಭಿನಂದನೆ ಅಣ್ಣಾ. ಮುಂದಿನ ಮೆಟ್ಟಿಲು ಏನು ಅಂತ ಯೋಚಿಸುತ್ತಿದ್ದರೆ, ಕೊರಿಯಾದ ಜಿಕೆ-2ಎ ನೋಡಿ. ಅದು 128.2 ಡಿಗ್ರಿ ಪೂರ್ವದಲ್ಲಿ ನಿಂತಿರುವ ಉಪಗ್ರಹ. ನಮ್ಮಿಂದ ಪೂರ್ವಕ್ಕೆ ದಿಗಂತದಿಂದ ಸುಮಾರು 27 ಡಿಗ್ರಿ ಎತ್ತರ. 1692.14 ಮೆಗಾಹರ್ಟ್ಸ್‌ನಲ್ಲಿ ಭೂಮಿಯ ಪೂರ್ತಿ ಗೋಳದ ಚಿತ್ರ ಕಳಿಸುತ್ತದೆ. ಡಾಂಗಲ್ ಅದೇ ಸಾಕು. ಆದರೆ ಡಿಶ್ ಮತ್ತು ಆ ಪಟ್ಟಿಯ ಆಂಪ್ಲಿಫೈಯರ್ ಬೇಕೇ ಬೇಕು. ಗಾಳಿಗೆ ಅಲ್ಲಾಡದ ಹಾಗೆ ಡಿಶ್ ಕೂರಿಸುವುದೇ ದೊಡ್ಡ ಕೆಲಸ. ನಾನು ಇನ್ನೂ ಅದರಲ್ಲೇ ಇದ್ದೇನೆ.

ದ್ರಾಕ್ಷಿ_ತೋಟ (ತಿಕೋಟಾ), ಶುಕ್ರವಾರ ರಾತ್ರಿ

ಅಣ್ಣಾರೇ, ನಿಮ್ಮ ಚಿತ್ರ ತಂಗಿ ಮಗ ದೊಡ್ಡದು ಮಾಡಿ ತೋರಿಸಿದ. ನಮ್ಮ ಸೀಮೆ ಮೇಲೆ ಮೋಡದ ಚೂರು ಎಣಿಸುವ ಹಾಗಿತ್ತು. ಅವತ್ತು ನಮ್ಮಲ್ಲಿ ನಿಜವಾಗಿ ಅಷ್ಟೇ ಇತ್ತು, ಬಿಸಿಲು ನೆರಳು ಆಡುತ್ತಿತ್ತು. ನೀವು ಮೊದಲೇ ನಾಳೆಯ ಮಳೆ ಗೊತ್ತಾಗಲ್ಲ ಅಂತ ಬಿಚ್ಚಿ ಹೇಳಿದ್ದು ನನಗೆ ಹಿಡಿಸಿತು. ಔಷಧದ ತೀರ್ಮಾನ ಇನ್ಸಾಟ್ ನೋಡಿಯೇ ಮಾಡ್ತೀನಿ.

ಆದರೂ ಹುಡುಗ ಬಿಡುತ್ತಿಲ್ಲ. ಚಪ್ಪರದ ತಂತಿ ಮಿಕ್ಕಿತ್ತು, ಅದರಲ್ಲಿ 53.4 ಅಳೆದು ಎರಡು ತುಂಡು ಕಡಿದಿಟ್ಟಿದ್ದಾನೆ. ಕಬ್ಬಿಣದ ತಂತಿ ನಡೆಯುತ್ತದಾ, ತಾಮ್ರವೇ ತರಬೇಕಾ?

ಮಾಳಿಗೆ_137 (ಬೆಳಗಾವಿ), ಶುಕ್ರವಾರ ರಾತ್ರಿ

ಶುರು ಮಾಡಲು ನಡೆಯುತ್ತದೆ ಕಾಕಾ. ಜಿಐ ತಂತಿಯಾದರೆ ಕೇಬಲ್ ಕೂಡುವ ಜಾಗದಲ್ಲಿ ಚೆನ್ನಾಗಿ ಉಜ್ಜಿ ಸ್ಕ್ರೂ ಬಿಗಿ ಮಾಡಿ, ಮೇಲೆ ಟೇಪ್ ಸುತ್ತಿ. ತೋಟದ ಮೋಟರ್ ಸ್ಟಾರ್ಟರ್‌ನಿಂದ ದೂರ ಇಡಿ. ಚಪ್ಪರದ ಮೇಲೆ ಇಡಬೇಡಿ, ಅಲ್ಲಿ ಸುತ್ತಲೂ ತಂತಿಯೇ ಇರುತ್ತದೆ. ಮನೆ ಮಾಳಿಗೆಯೇ ಸರಿ. ಮುಂದಿನ ಭಾನುವಾರ ನಾನು ವಿಜಯಪುರಕ್ಕೆ ಬರೋದಿದೆ. ಡಾಂಗಲ್ ತರ್ತೀನಿ, ಹುಡುಗನಿಗೆ ಪಿವಿಸಿ ಪೈಪ್ ತಂದಿಡಲು ಹೇಳಿ.